ಹೆಕ್ಸ್ 246ರಲ್ಲಿ ಸಾಯುವ ಪ್ರೋಗ್ರಾಂ: ಸಿಗ್‌ರಿಟರ್ನ್ ಬಗ್ಗೆ ಓದುಗರ ನಾಲ್ಕು ಪ್ರಶ್ನೆ

ಪ್ರಶ್ನೆ: ಕೊನೆಯ ವರ್ಷದ ಪ್ರಾಜೆಕ್ಟ್‌ಗೆ 64 ಬಿಟ್ ಇಂಟೆಲ್ ಯಂತ್ರದ ಮೇಲೆ ಪುಟ್ಟ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಬರೆಯುತ್ತಿದ್ದೇನೆ. ಸ್ಟ್ಯಾಟಿಕ್ ಆಗಿ ಲಿಂಕ್ ಮಾಡಿದ ಲಿನಕ್ಸ್ ಪ್ರೋಗ್ರಾಂಗಳು ಅದರ ಮೇಲೆ ಹಾಗೇ ಓಡಬೇಕು ಅನ್ನುವುದು ಆಸೆ. ಫೈಲ್ ಓದುವುದು, ಬರೆಯುವುದು, ಫೋರ್ಕ್ ಎಲ್ಲ ಆಯಿತು. ಸಿಗ್ನಲ್, ಅಂದರೆ ಓಡುತ್ತಿರುವ ಪ್ರೋಗ್ರಾಮನ್ನು ಕರ್ನಲ್ ನಡುವೆ ತಡೆದು ಸುದ್ದಿ ಮುಟ್ಟಿಸುವ ವ್ಯವಸ್ಥೆ, ಅದರ ಹತ್ತಿರ ಬಂದು ನಿಂತಿದ್ದೇನೆ. ನನ್ನ ಪರೀಕ್ಷೆಯ ಪ್ರೋಗ್ರಾಂ ಒಂದು ವೇರಿಯಬಲ್ ಸೊನ್ನೆ ಇರುವ ತನಕ ಲೂಪಿನಲ್ಲಿ ಸುತ್ತುತ್ತದೆ. ಅಲಾರಂ ಸಿಗ್ನಲ್ ಬಂದಾಗಲೆಲ್ಲ ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡುವ ಫಂಕ್ಷನ್) ಒಂದು ಸಾಲು ಮುದ್ರಿಸಬೇಕು, ಐದನೇ ಸಲಕ್ಕೆ ವೇರಿಯಬಲ್ ಬದಲಿಸಬೇಕು. ಮೊದಲ ಸಾಲು ಸರಿಯಾಗಿ ಬರುತ್ತದೆ, ತಕ್ಷಣ ಪ್ರೋಗ್ರಾಂ ಸಾಯುತ್ತದೆ. ಪ್ರತಿ ಸಲವೂ ಹೆಕ್ಸ್ 246 ಎಂಬ ವಿಳಾಸದಲ್ಲೇ. ಅಲ್ಲಿ ಏನೂ ಇಲ್ಲ. ಎರಡು ವಾರದಿಂದ ಇದೇ ಆಗಿದೆ.
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಉತ್ತರ: ಆ 246 ಅನ್ನು ಬಿಡದೆ ಬರೆದು ಕಳಿಸಿದಿರಲ್ಲ, ತುಂಬ ಒಳ್ಳೆಯದಾಯಿತು. ಉತ್ತರ ಅದರೊಳಗೇ ಇದೆ. ನೀವು ಅದನ್ನು ವಿಳಾಸ ಎಂದು ಓದಿದ್ದೀರಿ. ಫ್ಲ್ಯಾಗ್ ರಿಜಿಸ್ಟರ್, ಅಂದರೆ ಪ್ರೊಸೆಸರ್ ತನ್ನ ಸ್ಥಿತಿಯನ್ನು ಒಂದೊಂದು ಬಿಟ್‌ನಲ್ಲಿ ಗುರುತಿಡುವ ಜಾಗ, ಎಂದು ಓದಿ ನೋಡಿ. ಹೆಕ್ಸ್‌ನಲ್ಲಿ 200 ಅಂದರೆ ಇಂಟರಪ್ಟ್ ತೆರೆದಿದೆ, 40 ಅಂದರೆ ಹಿಂದಿನ ಲೆಕ್ಕದ ಫಲ ಸೊನ್ನೆ, 4 ಅಂದರೆ ಪ್ಯಾರಿಟಿ ಸಮ, ಉಳಿದ 2 ಎಂದೂ ಆರದ ಬಿಟ್. ನಿಮ್ಮ ಲೂಪ್ ಲಕ್ಷಗಟ್ಟಲೆ ಸಲ ‘ಇನ್ನೂ ಸೊನ್ನೆಯೇ?’ ಎಂದು ಕೇಳಿ ‘ಹೌದು’ ಅನ್ನಿಸಿಕೊಳ್ಳುತ್ತಿತ್ತು. ಅದಕ್ಕೇ ಪ್ರತಿ ಸಲವೂ ಒಂದೇ ಸಂಖ್ಯೆ. ಮುಂದಿನ ಸೂಚನೆಯ ವಿಳಾಸ ಇರಬೇಕಾದ ಆರ್‌ಐಪಿ ರಿಜಿಸ್ಟರಿಗೆ ನಿಮ್ಮ ಕರ್ನಲ್ ಫ್ಲ್ಯಾಗ್‌ಗಳನ್ನು ತುಂಬಿಬಿಟ್ಟಿದೆ.

ಬೇರೆ ಓದುಗರಿಗೂ ತಿಳಿಯಲಿ ಎಂದು ದಾರಿಯನ್ನು ಒಮ್ಮೆ ಹೇಳಿಬಿಡುತ್ತೇನೆ. ಒಂದು ಸಿಸ್ಟಂಗೆ ಕಟ್ಟಿದ ಪ್ರೋಗ್ರಾಮನ್ನು ಇನ್ನೊಂದರ ಮೇಲೆ ಹಾಗೇ ಓಡಿಸುವ ಬೈನರಿ ಹೊಂದಾಣಿಕೆಯ ಪದರದಲ್ಲಿ ಪ್ರೊಸೆಸರ್ ಅದೇ, ಯಂತ್ರಸೂಚನೆಗಳೂ ಅವೇ. ಪ್ರೋಗ್ರಾಂ ಸಿಸ್ಟಂ ಕಾಲ್ ಮಾಡಿದಾಗ, ಅಂದರೆ ಕರ್ನಲ್‌ನಿಂದ ಕೆಲಸ ಕೇಳಿದಾಗ, ಮಾತ್ರ ನಮ್ಮ ಕರ್ನಲ್ ಲಿನಕ್ಸ್‌ನ ಹಾಗೆ ನಡೆದುಕೊಂಡರೆ ಸಾಕು. ಸಿಗ್ನಲ್‌ನಲ್ಲಿ ಇದು ಉಲ್ಟಾ: ಕೆಲಸದಲ್ಲಿ ಮುಳುಗಿದ ಪ್ರೋಗ್ರಾಮನ್ನು ನಾವೇ ನಡುವೆ ತಡೆದು ಎಬ್ಬಿಸುತ್ತೇವೆ. ಅದರ ರಿಜಿಸ್ಟರುಗಳನ್ನೆಲ್ಲ ಅದರದೇ ಸ್ಟ್ಯಾಕಿನ ಮೇಲೆ ‘ಫ್ರೇಮ್’ ಎಂಬ ರಚನೆಯಲ್ಲಿ ಬರೆದಿಟ್ಟು, ಆರ್‌ಐಪಿಯನ್ನು ಹ್ಯಾಂಡ್ಲರ್ ಕಡೆ ತಿರುಗಿಸುತ್ತೇವೆ. ಹ್ಯಾಂಡ್ಲರ್ ಮುಗಿದು ‘ರೆಟ್’ ಸೂಚನೆ ಓಡಿದಾಗ ಟ್ರ್ಯಾಂಪೊಲೀನ್ ಎಂಬ ತುಣುಕಿಗೆ ಬೀಳುತ್ತದೆ. 64 ಬಿಟ್ ಲಿನಕ್ಸ್‌ನಲ್ಲಿ ಆ ತುಣುಕು ಇಷ್ಟೇ: 48 ಸಿ7 ಸಿ0 0ಎಫ್ 00 00 00 0ಎಫ್ 05. ಒಂಬತ್ತು ಬೈಟ್, ಎರಡು ಸೂಚನೆ. ಆರ್‌ಎಎಕ್ಸ್‌ನಲ್ಲಿ 15 ಇಡು, ಸಿಸ್ಟಂ ಕಾಲ್ ಮಾಡು. ಆ 15ನೆಯ ಕಾಲ್ ಆರ್‌ಟಿ ಸಿಗ್‌ರಿಟರ್ನ್, ಫ್ರೇಮಿನಲ್ಲಿ ಬರೆದಿಟ್ಟ ರಿಜಿಸ್ಟರುಗಳನ್ನೆಲ್ಲ ಮರಳಿ ತುಂಬುವ ಕರೆ (ಮುಂದೆ ಬರೀ ಸಿಗ್‌ರಿಟರ್ನ್ ಅನ್ನುತ್ತೇನೆ). ಇದನ್ನು ಗ್ಲಿಬ್‌ಸಿ, ಮಸಲ್ ಎಂಬ ಸಿ ಭಾಷೆಯ ಲೈಬ್ರರಿಗಳು ಪ್ರೋಗ್ರಾಂ ಒಳಗೇ ಇಟ್ಟುಕೊಂಡು ಬರುತ್ತವೆ, ಹ್ಯಾಂಡ್ಲರ್ ನೋಂದಾಯಿಸುವ ಸಿಗ್‌ಆಕ್ಷನ್ ಕರೆಯುವಾಗ ವಿಳಾಸವನ್ನು ‘ರಿಸ್ಟೋರರ್’ ಎಂದು ಕರ್ನಲ್‌ಗೆ ಕೊಡುತ್ತವೆ. ಯುನಿಕ್ಸ್‌ನ ಇನ್ನೊಂದು ವಂಶವಾದ ಬಿಎಸ್‌ಡಿ ಕರ್ನಲ್‌ಗಳ (ಫ್ರೀಬಿಎಸ್‌ಡಿ, ನೆಟ್‌ಬಿಎಸ್‌ಡಿ, ಓಪನ್‌ಬಿಎಸ್‌ಡಿ) ಸ್ವಂತ ಪಟ್ಟಿಯಲ್ಲಿ ಇದೇ 15 ಅಂದರೆ ಸಿಎಚ್‌ಮಾಡ್, ಫೈಲಿನ ಅನುಮತಿ ಬದಲಿಸುವ ಕಾಲ್. ಲಿನಕ್ಸ್ ಬೈನರಿಗೆ ಬೇರೆಯೇ ಪಟ್ಟಿ ಇಡುವುದು ಇದಕ್ಕೇ.

ಸಿಗ್‌ರಿಟರ್ನ್ ಎಂಬ ಹೆಸರಿನ ಕಾಲ್ 1986ರ 4.3 ಬಿಎಸ್‌ಡಿಯಲ್ಲಿ ಬಂತು. ಅಂದಿನಿಂದ ಅದರ ಕೆಲಸ ಬದಲಾಗಿಲ್ಲ. ಹರಿಕಥೆ ದಾಸರು ಉಪಕಥೆಗೆ ಹೋದವರು ತಾಳ ತಪ್ಪದೆ ಬಿಟ್ಟ ಪದಕ್ಕೇ ಬಂದು ಸೇರುತ್ತಾರಲ್ಲ, ಹಾಗೆ. ನಡುವೆ ಯಾರೋ ಕರೆದಿದ್ದರು ಅನ್ನುವ ಸುಳಿವು ಕೂಡ ಆ ಪ್ರೋಗ್ರಾಂಗೆ ಸಿಗಬಾರದು. ನಾನು ಈ ಕೋಡನ್ನು ಅಳೆಯುವುದು ಇದೊಂದೇ ಅಳತೆಯಲ್ಲಿ.

ಈಗ ನಿಮ್ಮ ತಪ್ಪಿಗೆ ಬರೋಣ. ಲಿನಕ್ಸ್ ಫ್ರೇಮಿನ ತಳದಲ್ಲಿ ಮೊದಲ 8 ಬೈಟ್ ರಿಸ್ಟೋರರ್ ವಿಳಾಸ. ಅದರ ಮೇಲೆ ಯುಕಾಂಟೆಕ್ಸ್ಟ್ (ಪ್ರೋಗ್ರಾಂನ ಸ್ಥಿತಿಯ ದಾಖಲೆ), ಅದರೊಳಗೆ ರಿಜಿಸ್ಟರುಗಳ ಸಾಲು: ಆರ್8ರಿಂದ ಆರ್15, ಆಮೇಲೆ ಆರ್‌ಡಿಐ, ಆರ್‌ಎಸ್‌ಐ, ಆರ್‌ಬಿಪಿ, ಆರ್‌ಬಿಎಕ್ಸ್, ಆರ್‌ಡಿಎಕ್ಸ್, ಆರ್‌ಎಎಕ್ಸ್, ಆರ್‌ಸಿಎಕ್ಸ್, ಆರ್‌ಎಸ್‌ಪಿ, ಆರ್‌ಐಪಿ, ಫ್ಲ್ಯಾಗ್‌ಗಳು. ಹ್ಯಾಂಡ್ಲರ್ ‘ರೆಟ್’ ಮಾಡಿದಾಗ ಆ ಮೊದಲ 8 ಬೈಟ್ ಸ್ಟ್ಯಾಕಿನಿಂದ ಇಳಿದುಹೋಗುತ್ತದೆ. ಸಿಗ್‌ರಿಟರ್ನ್ ಕರ್ನಲ್ ಒಳಗೆ ಬರುವ ಹೊತ್ತಿಗೆ ಸ್ಟ್ಯಾಕಿನ ತುದಿ ತೋರಿಸುವ ಆರ್‌ಎಸ್‌ಪಿ ಫ್ರೇಮಿನ ಬುಡದಲ್ಲಿಲ್ಲ, 8 ಬೈಟ್ ಮುಂದಿದೆ. ನೀವು ಆರ್‌ಎಸ್‌ಪಿಯನ್ನೇ ಬುಡ ಎಂದುಕೊಂಡು ಓದಿದ್ದೀರಿ. ಒಂದೊಂದು ರಿಜಿಸ್ಟರಿಗೂ ಪಕ್ಕದ ಮನೆಯ ಬೆಲೆ ಬಂದಿದೆ: ಆರ್‌ಸಿಎಕ್ಸ್‌ಗೆ ಆರ್‌ಎಸ್‌ಪಿಯದು, ಆರ್‌ಎಸ್‌ಪಿಗೆ ಆರ್‌ಐಪಿಯದು, ಆರ್‌ಐಪಿಗೆ ಫ್ಲ್ಯಾಗ್‌ನದು. ಸಾಯುವಾಗಿನ ಆರ್‌ಎಸ್‌ಪಿ ನೋಡಿ, ನಿಮ್ಮ ಲೂಪಿನ ವಿಳಾಸ ಅಲ್ಲಿ ಕೂತಿರುತ್ತದೆ. ಫ್ರೇಮ್ ಹುಡುಕುವ ಮೊದಲು ಆರ್‌ಎಸ್‌ಪಿಯಿಂದ 8 ಕಳೆಯಿರಿ, ಸರಿಹೋಗುತ್ತದೆ.

ಇದು ಸರಿಯಾದ ಕೂಡಲೇ ಇನ್ನೆರಡು ಕಡೆ ಮುಗ್ಗರಿಸುತ್ತೀರಿ, ಈಗಲೇ ಹೇಳುತ್ತೇನೆ.

ಒಂದು, ಆರ್‌ಎಎಕ್ಸ್. ಪ್ರತಿ ಸಿಸ್ಟಂ ಕಾಲ್ ಮುಗಿದ ಮೇಲೆ ನಿಮ್ಮ ಕರ್ನಲ್ ಫಲವನ್ನು ಆರ್‌ಎಎಕ್ಸ್‌ನಲ್ಲಿ ಬರೆಯುತ್ತದೆ. ಸಿಗ್‌ರಿಟರ್ನ್‌ನಲ್ಲಿ ಹಾಗೆ ಬರೆದರೆ ಈಗ ತಾನೇ ತುಂಬಿದ ಹಳೆಯ ಬೆಲೆ ಅಳಿಸಿಹೋಗುತ್ತದೆ. ಬಿಎಸ್‌ಡಿಗಳಲ್ಲಿ ಇದಕ್ಕೆಂದೇ ‘ಈ-ಜಸ್ಟ್-ರಿಟರ್ನ್’ ಎಂಬ ಒಳಗಿನ ಸಂಕೇತವಿದೆ: ಏನನ್ನೂ ಮುಟ್ಟದೆ ಸುಮ್ಮನೆ ಹಿಂದಿರುಗು ಎಂದರ್ಥ. ಲಿನಕ್ಸ್ ಬೇರೆ ದಾರಿ ಹಿಡಿದಿದೆ, ಫ್ರೇಮಿನಲ್ಲಿದ್ದ ಆರ್‌ಎಎಕ್ಸ್ ಬೆಲೆಯನ್ನೇ ಫಲವಾಗಿ ಕೊಟ್ಟುಬಿಡುತ್ತದೆ. ನಿಮ್ಮಂಥ ಪುಟ್ಟ ಕರ್ನಲ್‌ಗೆ ಲಿನಕ್ಸ್ ದಾರಿ ಸುಲಭ.

ಎರಡನೆಯದು ನನ್ನ ಮೂರು ವಾರ ನುಂಗಿದ್ದು. ಹದಿನೈದು ವರ್ಷದ ಹಿಂದೆ ಒಂದು ಕಂಪನಿಯಲ್ಲಿ ಬಿಎಸ್‌ಡಿ ಮೂಲದ ಕರ್ನಲ್ ಮೇಲೆ ಲಿನಕ್ಸ್ ಬೈನರಿ ಓಡಿಸುವ ಕೆಲಸದಲ್ಲಿದ್ದೆ. ದೊಡ್ಡ ಫೈಲ್‌ಗಳನ್ನು ನಕಲು ಮಾಡುವ ಪ್ರೋಗ್ರಾಂ ಒಂದಿತ್ತು, ಎಷ್ಟು ಮುಗಿಯಿತು ಎಂದು ತೋರಿಸಲು ಸೆಕೆಂಡಿಗೊಮ್ಮೆ ಅಲಾರಂ ಇಟ್ಟುಕೊಂಡಿತ್ತು. ಐದಾರು ಗಂಟೆ ಚೆನ್ನಾಗಿ ಓಡಿ ಒಮ್ಮೆ ಸಾಯುತ್ತಿತ್ತು. ಸತ್ತ ಜಾಗ ಯಾವಾಗಲೂ ‘ರೆಪ್ ಮೂವ್ಸ್‌ಬಿ’ ಸೂಚನೆ, ಅಂದರೆ ಆರ್‌ಸಿಎಕ್ಸ್‌ನಲ್ಲಿ ಎಷ್ಟಿದೆಯೋ ಅಷ್ಟು ಬೈಟ್ ನಕಲು ಮಾಡು ಎಂಬ ಸೂಚನೆ. ನಕಲಾಗಲು ಉಳಿದದ್ದು ನಾಲ್ಕು ಸಾವಿರ ಬೈಟ್ ಮೀರಬಾರದು. ಸತ್ತ ಪ್ರೋಗ್ರಾಂನ ಮೆಮೊರಿಯ ಪ್ರತಿಯಾದ ಕೋರ್ ಫೈಲಿನಲ್ಲಿ ನೋಡಿದರೆ ಆರ್‌ಸಿಎಕ್ಸ್ ನಲವತ್ತು ಲಕ್ಷ ದಾಟಿದೆ. ಪಕ್ಕದಲ್ಲಿ ಆರ್11ರಲ್ಲಿ ಹೆಕ್ಸ್ 202. ಒಂದು ರಾತ್ರಿ ಆ ಆರ್‌ಸಿಎಕ್ಸ್ ಬೆಲೆಯನ್ನು ಕಾಗದದ ಮೇಲೆ ಆರ್‌ಐಪಿಯಿಂದ ಕಳೆದೆ. ಉಳಿದದ್ದು ಪುಟ ಮುಗಿದು ಸಾಯುವ ತನಕ ನಕಲಾದ ಬೈಟ್‌ಗಳ ಸಂಖ್ಯೆ, ಒಂದೂ ಹೆಚ್ಚು ಕಮ್ಮಿ ಇಲ್ಲ. ಅಂದರೆ ಆರ್‌ಸಿಎಕ್ಸ್‌ಗೆ ಬಂದು ಕೂತದ್ದು ಆ ಸೂಚನೆಯದೇ ವಿಳಾಸ!

ಕಾರಣ ಪ್ರೊಸೆಸರಿನ ನಿಯಮ. ‘ಸಿಸ್‌ಕಾಲ್’ ಸೂಚನೆ ಹಿಂದಿರುಗುವ ವಿಳಾಸವನ್ನು ಆರ್‌ಸಿಎಕ್ಸ್‌ನಲ್ಲೂ ಫ್ಲ್ಯಾಗ್‌ಗಳನ್ನು ಆರ್11ರಲ್ಲೂ ಇಡುತ್ತದೆ, ‘ಸಿಸ್‌ರೆಟ್’ ಅವುಗಳಿಂದಲೇ ಎತ್ತಿಕೊಂಡು ಮರಳುತ್ತದೆ. ಸಾಮಾನ್ಯ ಸಿಸ್ಟಂ ಕಾಲ್‌ನಲ್ಲಿ ಪರವಾಗಿಲ್ಲ, ಆ ಎರಡು ಹಾಳಾಗುತ್ತವೆ ಎಂದು ಕಂಪೈಲರಿಗೆ ಗೊತ್ತು. ಸಿಗ್ನಲ್ ಮಾತ್ರ ಯಾವ ಸೂಚನೆಯ ನಡುವೆ ಬೇಕಾದರೂ ಬರುತ್ತದೆ, ಆಗ ಆರ್‌ಸಿಎಕ್ಸ್‌ನಲ್ಲಿ ಜೀವಂತ ಲೆಕ್ಕ ಇರುತ್ತದೆ. ಆದ್ದರಿಂದ ಸಿಗ್‌ರಿಟರ್ನ್ ಮುಗಿಸಿ ಹೊರಡುವಾಗ ಸಿಸ್‌ರೆಟ್ ಬೇಡ. ಎಲ್ಲ ರಿಜಿಸ್ಟರನ್ನೂ ಹಾಗೇ ಉಳಿಸುವ ‘ಐರೆಟ್’ ದಾರಿಯಲ್ಲೇ ಹೋಗಬೇಕು. ಫ್ರೀಬಿಎಸ್‌ಡಿಯಲ್ಲಿ ಇದಕ್ಕೆ ಬೇರೆಯೇ ಒಂದು ಫ್ಲ್ಯಾಗ್ ಇದೆ. ನಮ್ಮ ಕೋಡಿನಲ್ಲಿ ಆ ಒಂದು ಸಾಲು ಇರಲಿಲ್ಲ. ಪ್ರೋಗ್ರಾಂ ಸತ್ತದ್ದರಿಂದ ನಮಗೆ ಗೊತ್ತಾಯಿತು. ಸಾಯದೆ, ಪಕ್ಕದ ಡೇಟಾ ಮೇಲೆ ನಕಲು ಬರೆದು ಮುಂದುವರಿದ ದಿನಗಳೂ ಇದ್ದಿರಬೇಕು. ಅದನ್ನು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ.

ಹಾಗಾಗಿ ನಿಮ್ಮ ಪರೀಕ್ಷೆಯ ಪ್ರೋಗ್ರಾಂ ಸಾಲದು. ಆರ್‌ಎಸ್‌ಪಿ ಬಿಟ್ಟು ಉಳಿದ 15 ರಿಜಿಸ್ಟರಿಗೂ 16 ಎಕ್ಸ್‌ಎಂಎಂ ರಿಜಿಸ್ಟರಿಗೂ ಬೇರೆ ಬೇರೆ ಗುರುತಿನ ಸಂಖ್ಯೆ ತುಂಬಿ, ಬದಲಾಗಿವೆಯೇ ಎಂದು ನೋಡುತ್ತಲೇ ಸುತ್ತುವ ಲೂಪನ್ನು ಅಸೆಂಬ್ಲಿಯಲ್ಲಿ ಬರೆಯಿರಿ. ಹೋಲಿಸುವುದಕ್ಕೆ ಒಂದು ರಿಜಿಸ್ಟರ್ ಬೇಕೆನಿಸಿದರೆ ಬೆಲೆಯನ್ನು ಮೆಮೊರಿಯಲ್ಲಿಟ್ಟು ನೇರ ಹೋಲಿಸಿ. ಹ್ಯಾಂಡ್ಲರ್ ಬೇಕೆಂದೇ ಎಲ್ಲವನ್ನೂ ಕೆಡಿಸಲಿ. ಮಿಲಿಸೆಕೆಂಡಿಗೊಂದು ಸಿಗ್ನಲ್ ಇಟ್ಟು ರಾತ್ರಿಯಿಡೀ ಓಡಲು ಬಿಡಿ. ಜೊತೆಗೆ ಆರ್‌ಎಸ್‌ಪಿಯ ಕೆಳಗಿನ 128 ಬೈಟ್‌ಗಳಲ್ಲೂ ಗುರುತು ಬರೆದಿಡಿ. ಆ ಜಾಗವನ್ನು ಪ್ರೋಗ್ರಾಂಗಳು ಸ್ಟ್ಯಾಕ್ ಇಳಿಸದೆಯೇ ಬಳಸುತ್ತವೆ, ನೀವು ಫ್ರೇಮ್ ಕಟ್ಟುವಾಗ ಅದನ್ನು ಹಾರಿ ಕಟ್ಟಬೇಕು.

ಪ್ರಶ್ನೆ: ಕಚೇರಿಯಲ್ಲಿ ಬಿಎಸ್‌ಡಿ ಮೂಲದ ಕರ್ನಲ್‌ನಲ್ಲಿ ಲಿನಕ್ಸ್ ಪದರ ನೋಡಿಕೊಳ್ಳುತ್ತೇನೆ. ಒಂದು ಸರ್ವರ್ ಪ್ರೋಗ್ರಾಂ ತನ್ನ ಪಟ್ಟಿ ತಿದ್ದುವಾಗ ‘ಮಗು ಪ್ರೋಸೆಸ್ ಸತ್ತಿತು’ ಎಂಬ ಸಿಗ್‌ಚೈಲ್ಡ್ ಸಿಗ್ನಲನ್ನು ತಡೆದಿಟ್ಟಿರುತ್ತದೆ. ಆದರೂ ಅಪರೂಪಕ್ಕೆ ಆ ಹೊತ್ತಿನಲ್ಲೇ ಹ್ಯಾಂಡ್ಲರ್ ಓಡಿ ಪಟ್ಟಿ ಕೆಡುತ್ತದೆ. ತಡೆಯುವ ಕಾಲ್ ಹತ್ತು ಸಲ ಪರೀಕ್ಷಿಸಿದೆ, ಸರಿಯಾಗಿದೆ.
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಕೆಟ್ಟ ಸಲವೆಲ್ಲ ಅದಕ್ಕೂ ಮುಂಚೆ ಬೇರೆ ಯಾವುದೋ ಸಿಗ್ನಲ್, ಬಹುಶಃ ಅಲಾರಂ, ಬಂದು ಹೋಗಿತ್ತೇ ನೋಡಿ. ಹೌದಾದರೆ ತಪ್ಪು ಸಿಗ್‌ರಿಟರ್ನ್‌ನಲ್ಲಿದೆ.

ಸಿಗ್‌ಚೈಲ್ಡ್ ಲಿನಕ್ಸ್‌ನಲ್ಲಿ 17, ಬಿಎಸ್‌ಡಿಯಲ್ಲಿ 20. ಬಿಎಸ್‌ಡಿಯ 17 ಅಂದರೆ ಸಿಗ್‌ಸ್ಟಾಪ್. ಅಲಾರಂ ಬಂದಾಗ ನಿಮ್ಮ ಕೋಡ್ ತಡೆಪಟ್ಟಿಯನ್ನು, ಅಂದರೆ ಮಾಸ್ಕನ್ನು, ಲಿನಕ್ಸ್ ಸಂಖ್ಯೆಗೆ ಬದಲಿಸಿ ಫ್ರೇಮಿನಲ್ಲಿ ಬರೆದಿದೆ, 20 ಹೋಗಿ 17 ಆಗಿದೆ. ವಾಪಸು ಬರುವಾಗ ಮತ್ತೆ 20 ಮಾಡುವುದನ್ನು ಮರೆತಿದೆ. ಕರ್ನಲ್ ಕಣ್ಣಿಗೆ ಅದು ‘ಸಿಗ್‌ಸ್ಟಾಪ್ ತಡೆ’ ಎಂಬ ಬೇಡಿಕೆ. ಸಿಗ್‌ಸ್ಟಾಪ್, ಸಿಗ್‌ಕಿಲ್ ಎರಡನ್ನೂ ಯಾರೂ ತಡೆಯುವಂತಿಲ್ಲ, ಹಾಗಾಗಿ ಕರ್ನಲ್ ಆ ಬಿಟ್ಟನ್ನು ಸದ್ದಿಲ್ಲದೆ ಒರೆಸುತ್ತದೆ. ಸಿಗ್‌ಚೈಲ್ಡ್‌ನ ತಡೆ ಹೋಯಿತು. ಎಲ್ಲೂ ದೋಷದ ಸಂದೇಶವಿಲ್ಲ.

ಸಿಗ್‌ಇಂಟ್ 2, ಸಿಗ್‌ಕಿಲ್ 9, ಸಿಗ್‌ಸೆಗ್‌ವಿ 11, ಅಲಾರಂ 14, ಸಿಗ್‌ಟರ್ಮ್ 15 ಎರಡೂ ಕಡೆ ಒಂದೇ. ಜನ ಪರೀಕ್ಷೆಗೆ ಬಳಸುವುದೂ ಇವನ್ನೇ, ಅದಕ್ಕೇ ಈ ತಪ್ಪು ವರ್ಷಗಟ್ಟಲೆ ಅಡಗಿರುತ್ತದೆ. ಸಿಗ್‌ಯೂಸರ್1 ಲಿನಕ್ಸ್‌ನಲ್ಲಿ 10, ಬಿಎಸ್‌ಡಿಯಲ್ಲಿ 30. ನಿಮ್ಮ ಪರೀಕ್ಷೆಗಳನ್ನು ಅದರಿಂದ ಶುರು ಮಾಡಿ. ಮಾಸ್ಕಿನ ಅಗಲವೂ ಬೇರೆ: ಲಿನಕ್ಸ್‌ನದು 64 ಬಿಟ್, ಫ್ರೀಬಿಎಸ್‌ಡಿ, ನೆಟ್‌ಬಿಎಸ್‌ಡಿಗಳದ್ದು 128. ಫ್ರೇಮ್ ಬರೆಯುವ ಫಂಕ್ಷನ್ ಮತ್ತು ಓದುವ ಫಂಕ್ಷನ್ ಒಂದೇ ಕಡತದಲ್ಲಿ, ಒಂದರ ಕೆಳಗೊಂದು ಇರಲಿ, ಒಂದನ್ನು ತಿದ್ದಿದ ಕೈ ಇನ್ನೊಂದನ್ನೂ ತಿದ್ದಲಿ. ನೆಟ್‌ಬಿಎಸ್‌ಡಿ ಮೂಲದಲ್ಲಿ ಲಿನಕ್ಸ್ ಹೊಂದಾಣಿಕೆಯ ‘ಆರ್ಚ್’ ಫೋಲ್ಡರಿನಡಿ ಪ್ರತಿ ಪ್ರೊಸೆಸರಿಗೂ ಇಂಥ ಕೋಡ್ ಇದೆ, ಒಂದು ಸಂಜೆ ಕೂತು ಓದಿ.

ಪ್ರಶ್ನೆ: ಫ್ರೇಮ್ ಇರುವುದು ಪ್ರೋಗ್ರಾಂ ತನ್ನಿಷ್ಟದಂತೆ ಬರೆಯಬಹುದಾದ ಸ್ಟ್ಯಾಕಿನಲ್ಲಿ. ಅದನ್ನು ಕರ್ನಲ್ ನಂಬುವುದೆಂದರೇನು? ಪ್ರತಿಯನ್ನು ಕರ್ನಲ್ ಒಳಗೇ ಭದ್ರವಾಗಿ ಇಟ್ಟುಕೊಳ್ಳಬಾರದೇ? ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ, ನನಗೂ ಉತ್ತರ ಹೊಳೆಯಲಿಲ್ಲ.
— ಕಾಲೇಜು ಅಧ್ಯಾಪಕರು, ಶಿವಮೊಗ್ಗ

ಉತ್ತರ: ಆ ಹುಡುಗನಿಗೆ ನನ್ನ ನಮಸ್ಕಾರ ತಿಳಿಸಿ. ಈ ವಿಷಯದಲ್ಲಿ ಕೇಳಲೇಬೇಕಾದ ಪ್ರಶ್ನೆ ಅದು.

ಕರ್ನಲ್ ಒಳಗೆ ಇಟ್ಟುಕೊಂಡರೆ ಬಹಳ ಪ್ರೋಗ್ರಾಂಗಳು ಮುರಿಯುತ್ತವೆ, ಯಾಕೆಂದರೆ ಫ್ರೇಮನ್ನು ತಿದ್ದುವ ಹಕ್ಕು ಹ್ಯಾಂಡ್ಲರಿಗೆ ಇದೆ. ಗೋ ಭಾಷೆಯನ್ನೇ ತೆಗೆದುಕೊಳ್ಳಿ. 2020ರ ಫೆಬ್ರವರಿಯಲ್ಲಿ ಬಂದ 1.14ನೇ ಆವೃತ್ತಿಯಿಂದ, 10 ಮಿಲಿಸೆಕೆಂಡಿಗಿಂತ ಹೆಚ್ಚು ಹೊತ್ತು ಓಡುತ್ತಲೇ ಇರುವ ಗೋರೊಟೀನನ್ನು (ಗೋ ಭಾಷೆಯ ಹಗುರ ಥ್ರೆಡ್) ನಿಲ್ಲಿಸಲು ಗೋ ರನ್‌ಟೈಂ ತನ್ನದೇ ಥ್ರೆಡ್‌ಗೆ ಸಿಗ್‌ಅರ್ಜ್ ಕಳಿಸುತ್ತದೆ. ಹ್ಯಾಂಡ್ಲರ್ ಫ್ರೇಮಿನೊಳಗಿನ ಆರ್‌ಐಪಿ, ಆರ್‌ಎಸ್‌ಪಿಗಳನ್ನು ತಿದ್ದಿ, ಆ ಕೋಡ್ ತಾನೇ ಒಂದು ಫಂಕ್ಷನ್ ಕರೆದಂತೆ ಮಾಡಿಟ್ಟು ಹೋಗುತ್ತದೆ. ಸಿಗ್‌ರಿಟರ್ನ್ ಆದಾಗ ನಿಯಂತ್ರಣ ಬಿಟ್ಟ ಜಾಗಕ್ಕೆ ಬರದೆ ರನ್‌ಟೈಂ ಕೈಗೆ ಹೋಗುತ್ತದೆ. ಜಾವಾ ಪ್ರೋಗ್ರಾಂ ಓಡಿಸುವ ಹಾಟ್‌ಸ್ಪಾಟ್ ಕೂಡ ಹೀಗೆಯೇ: ನಲ್ ಪಾಯಿಂಟರ್ ಮುಟ್ಟಿ ಸಿಗ್‌ಸೆಗ್‌ವಿ ಬಂದರೆ, ಫ್ರೇಮಿನ ಆರ್‌ಐಪಿ ತಿದ್ದಿ ಜಾವಾ ಎಕ್ಸೆಪ್ಶನ್ ಎಸೆಯುವ ಕಡೆ ಕಳಿಸುತ್ತದೆ. ಹಾಗಾಗಿ ಹೊಂದಾಣಿಕೆಯ ಪದರ ಬರೆದವರು ಒಂದು ಗೋ ಪ್ರೋಗ್ರಾಂ ಓಡಿಸಿ ನೋಡದೆ ಕೆಲಸ ಮುಗಿಯಿತು ಅನ್ನಬಾರದು ಎಂದು ನಾನು ಹೇಳುತ್ತಿರುತ್ತೇನೆ.

ಆದರೆ ತಿದ್ದುವ ಹಕ್ಕು ಪ್ರೋಗ್ರಾಂಗೆ ಮೊದಲೇ ಇದ್ದ ಅಧಿಕಾರದೊಳಗೆ ಮಾತ್ರ. ಸಿಎಸ್ ರಿಜಿಸ್ಟರಿನ ಕೊನೆಯ ಎರಡು ಬಿಟ್ ಯಾವ ಮಟ್ಟದಲ್ಲಿ ಓಡುತ್ತಿದ್ದೇವೆ ಎಂದು ಹೇಳುತ್ತವೆ, ಫ್ರೇಮಿನಲ್ಲಿ ಅಲ್ಲಿ ಸೊನ್ನೆ ಬರೆದುಕೊಂಡು ಬಂದರೆ ಕರ್ನಲ್ ಮಟ್ಟ ಕೇಳಿದಂತೆ. ಲಿನಕ್ಸ್ ಅದನ್ನು ಬಲವಂತವಾಗಿ 3 ಮಾಡುತ್ತದೆ, ಫ್ರೀಬಿಎಸ್‌ಡಿ ಒಪ್ಪದೆ ಪ್ರೋಗ್ರಾಂಗೆ ಸಿಗ್ನಲ್ ಕಳಿಸುತ್ತದೆ. (ಹಾಸನದ ವಿದ್ಯಾರ್ಥಿನಿಗೆ: ನಿಮ್ಮ ಕರ್ನಲ್ ಫ್ರೇಮಿನ ಸಿಎಸ್ ಅನ್ನು ಓದಿ ಪರೀಕ್ಷಿಸಿದ್ದರೆ 8 ಬೈಟಿನ ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು.) ಫ್ಲ್ಯಾಗ್‌ಗಳಲ್ಲಿ ಪ್ರೋಗ್ರಾಂ ಮುಟ್ಟಬಹುದಾದ ಬಿಟ್‌ಗಳನ್ನಷ್ಟೇ ಒಳಗೆ ಬಿಡಬೇಕು, ಐಒಪಿಎಲ್ ಬಿಟ್‌ಗಳನ್ನೂ ಒಳಗೆ ಬಿಟ್ಟರೆ ಪ್ರೋಗ್ರಾಂ ನೇರವಾಗಿ ಹಾರ್ಡ್‌ವೇರ್ ಪೋರ್ಟ್‌ಗಳಿಗೆ ಕೈ ಹಾಕುತ್ತದೆ. ದಶಾಂಶ ಲೆಕ್ಕದ ನಿಯಂತ್ರಣ ರಿಜಿಸ್ಟರ್ ಎಂಎಕ್ಸ್‌ಸಿಎಸ್‌ಆರ್‌ನ ಕಾದಿರಿಸಿದ ಬಿಟ್‌ಗಳನ್ನು ಒರೆಸದೆ ತುಂಬಿದರೆ ಟ್ರ್ಯಾಪ್ ಆಗುವುದು ಕರ್ನಲ್ ಒಳಗೆ. ಆರ್‌ಐಪಿ ಕ್ರಮಬದ್ಧ (ಪ್ರೊಸೆಸರ್ ಒಪ್ಪುವ ರೂಪದ) ವಿಳಾಸವೇ ಎಂದೂ ನೋಡಬೇಕು. 2012ರ ಜೂನ್‌ನಲ್ಲಿ ಬಯಲಾದ ಸಿವಿಇ-2012-0217 ಎಂಬ ಭದ್ರತಾ ಲೋಪ ಅದೇ ಜಾತಿಯದು: ಇಂಟೆಲ್ ಪ್ರೊಸೆಸರಿನಲ್ಲಿ ಕ್ರಮಬದ್ಧವಲ್ಲದ ವಿಳಾಸಕ್ಕೆ ಸಿಸ್‌ರೆಟ್ ಮಾಡಿದರೆ ದೋಷ ಕರ್ನಲ್ ಮಟ್ಟದಲ್ಲೇ, ಪ್ರೋಗ್ರಾಂನ ಸ್ಟ್ಯಾಕ್ ಪಾಯಿಂಟರ್ ಹಿಡಿದುಕೊಂಡೇ ಸಿಡಿಯುತ್ತಿತ್ತು. ಫ್ರೀಬಿಎಸ್‌ಡಿ, ನೆಟ್‌ಬಿಎಸ್‌ಡಿ, ಕ್ಸೆನ್, ವಿಂಡೋಸ್ ಎಲ್ಲವೂ ತೇಪೆ ಹಾಕಬೇಕಾಯಿತು.

ಇಷ್ಟೆಲ್ಲ ಮಾಡಿದರೂ ಒಂದು ಅಪಾಯ ಉಳಿಯುತ್ತದೆ. ಆಮ್‌ಸ್ಟರ್‌ಡ್ಯಾಂನ ವ್ರೇ ವಿಶ್ವವಿದ್ಯಾಲಯದ ಎರಿಕ್ ಬೋಸ್ಮನ್, ಹರ್ಬರ್ಟ್ ಬಾಸ್ 2014ರಲ್ಲಿ ತೋರಿಸಿದರು: ಸ್ಟ್ಯಾಕ್ ಮೇಲೆ ಬರೆಯಲು ಸಿಕ್ಕ ದಾಳಿಕೋರ ಸುಳ್ಳು ಫ್ರೇಮ್ ಕಟ್ಟಿ ಸಿಗ್‌ರಿಟರ್ನ್ ಕರೆಸಿದರೆ, ಒಂದೇ ಏಟಿಗೆ ಎಲ್ಲ ರಿಜಿಸ್ಟರುಗಳೂ ಅವನ ಕೈಗೆ. ಓಪನ್‌ಬಿಎಸ್‌ಡಿ 2016ರ ಸೆಪ್ಟೆಂಬರಿನ 6.0 ಆವೃತ್ತಿಯಲ್ಲಿ ಫ್ರೇಮಿಗೆ ಗುಟ್ಟಿನ ಗುರುತು ಹಾಕಿತು, ಸಿಗ್‌ರಿಟರ್ನ್ ಕರೆ ಕರ್ನಲ್ ಕೊಟ್ಟ ಟ್ರ್ಯಾಂಪೊಲೀನ್‌ನಿಂದಲೇ ಬಂದಿದೆಯೇ ಎಂದೂ ಪರೀಕ್ಷಿಸತೊಡಗಿತು. ಲಿನಕ್ಸ್ ಬೈನರಿಯ ಟ್ರ್ಯಾಂಪೊಲೀನ್ ಅದರೊಳಗೇ ಇರುವುದರಿಂದ ಈ ಎರಡನೇ ಪರೀಕ್ಷೆ ನಮ್ಮ ಪದರಕ್ಕೆ ಹಾಗೇ ಹೊಂದುವುದಿಲ್ಲ. ಅದೇ 6.0ರಲ್ಲಿ ಓಪನ್‌ಬಿಎಸ್‌ಡಿ ತನ್ನ ಲಿನಕ್ಸ್ ಹೊಂದಾಣಿಕೆಯನ್ನೇ ತೆಗೆದುಹಾಕಿತು.

ಪ್ರಶ್ನೆ: ಹ್ಯಾಂಡ್ಲರ್‌ನಿಂದ ಸಿಗ್‌ಲಾಂಗ್‌ಜಂಪ್ ಮಾಡಿ, ಮೊದಲೇ ಗುರುತಿಟ್ಟ ಜಾಗಕ್ಕೆ ಹಾರಿಹೋದರೆ ಸಿಗ್‌ರಿಟರ್ನ್ ಆಗುವುದೇ ಇಲ್ಲವಲ್ಲ, ಕರ್ನಲ್‌ಗೆ ತೊಂದರೆಯಿಲ್ಲವೇ?
— ಓದುಗರು, ಧಾರವಾಡ

ಉತ್ತರ: ಎಷ್ಟು ಫ್ರೇಮ್ ಕಟ್ಟಿದೆ, ಎಷ್ಟು ವಾಪಸು ಬಂತು ಎಂದು ಕರ್ನಲ್ ಲೆಕ್ಕ ಇಡದಿದ್ದರೆ ತೊಂದರೆಯಿಲ್ಲ. ಸಿಕ್ಕಿಹಾಕಿಕೊಳ್ಳುವುದು ಹ್ಯಾಂಡ್ಲರಿಗೆಂದು ಬೇರೆಯಾಗಿ ಇಟ್ಟ ಪರ್ಯಾಯ ಸಿಗ್ನಲ್ ಸ್ಟ್ಯಾಕಿನಲ್ಲಿ. ‘ಈಗ ಪರ್ಯಾಯ ಸ್ಟ್ಯಾಕಿನ ಮೇಲಿದ್ದಾನೆ’ ಎಂದು ಪ್ರೋಸೆಸ್‌ನಲ್ಲಿ ಗುರುತು ಹಾಕಿ ಸಿಗ್‌ರಿಟರ್ನ್‌ನಲ್ಲಿ ತೆಗೆಯುವ ಕರ್ನಲ್ ಆದರೆ, ಲಿನಕ್ಸ್ ಪ್ರೋಗ್ರಾಂ ಹಾರಿಹೋದ ಮೇಲೆ ಆ ಗುರುತು ಹಾಗೇ ಉಳಿಯುತ್ತದೆ. ಮುಂದಿನ ಸಿಗ್ನಲ್ ಬಂದಾಗ ಸ್ಟ್ಯಾಕ್ ಬದಲಿಸುವುದಿಲ್ಲ. ಆ ಪರ್ಯಾಯ ಸ್ಟ್ಯಾಕ್ ಇಟ್ಟಿದ್ದೇ ಮುಖ್ಯ ಸ್ಟ್ಯಾಕ್ ತುಂಬಿ ಹರಿದಾಗ ಬೇಕೆಂದು, ಆಗಲೇ ಫ್ರೇಮ್ ಬರೆಯಲು ಜಾಗವಿಲ್ಲದೆ ಪ್ರೋಸೆಸ್ ಸಾಯುತ್ತದೆ. ಲಿನಕ್ಸ್ ಗುರುತು ಇಡುವುದಿಲ್ಲ, ಪ್ರತಿ ಸಲ ಆರ್‌ಎಸ್‌ಪಿ ಆ ಸ್ಟ್ಯಾಕಿನ ಎಲ್ಲೆಯೊಳಗಿದೆಯೇ ಎಂದು ನೋಡುತ್ತದೆ. ಲಿನಕ್ಸ್ ಬೈನರಿಗೆ ನೀವೂ ಹಾಗೇ ನೋಡಿ.